ಕರಡಿಯ ಸೊಂಟ ಮೂರು ಇಂಚು ಕರಗಿದಾಗ

ನಮ್ಮ ಬಳಗದಲ್ಲಿ ಸಣ್ಣಗಾಗುವುದೇ ದೊಡ್ಡ ಅಪರಾಧ. ಗಂಡಸರನ್ನೇ ಮೆಚ್ಚುವ ಗಂಡಸರು ನಾವು. ಗಡ್ಡ, ಹೊಟ್ಟೆ ಎಲ್ಲ ಧಾರಾಳ, ಹಾಗಾಗಿ ನಮ್ಮನ್ನು ನಾವೇ ಕರಡಿಗಳು ಅಂತ ಕರೆದುಕೊಳ್ಳುತ್ತೇವೆ. ಭಾನುವಾರ ಮಧ್ಯಾಹ್ನ ನನ್ನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ.

ಹನ್ನೊಂದು ವರ್ಷದಿಂದ ನನ್ನ ಜೊತೆ ಬಾಳುತ್ತಿರುವವನು ಬೇಕರಿ ನಡೆಸುತ್ತಾನೆ. ಎರಡು ತಿಂಗಳಲ್ಲಿ ಮೂರು ಸಲ ಅವನ ಪ್ಯಾಂಟಿನ ಸೊಂಟ ಬಿಚ್ಚಿ ಚಿಕ್ಕದು ಮಾಡಿ ಹೊಲಿದೆ. ಎಷ್ಟು ನೀರು ಕುಡಿದರೂ ಅವನಿಗೆ ದಾಹ, ಗಳಿಗೆಗೊಮ್ಮೆ ಬಚ್ಚಲಿಗೆ ಓಟ. ಕರಡಿ ಕುಲಕ್ಕೇ ಕಳಂಕ ನೀನು ಎಂದು ಬಳಗದವರು ಕಾಲೆಳೆದು ಕೇಕು ತಿನ್ನಿಸಿದರು. ನಾನೂ ತಿನ್ನಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ, ನಮ್ಮಲ್ಲೇ ಒಬ್ಬನಾದ ಆಸ್ಪತ್ರೆಯ ನರ್ಸಣ್ಣ ನನ್ನ ಕೈಯಿಂದ ಕೇಕಿನ ತಟ್ಟೆ ಕಿತ್ತುಕೊಂಡ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ? ಟೇಪು ನಿನ್ನ ಕೊರಳಲ್ಲೇ ಇದೆ. ಇವನಿಗೆ ಸಕ್ಕರೆ ಕಾಯಿಲೆ ಇರಬಹುದು. ನಾಳೆ ಬೆಳಿಗ್ಗೆನೇ ರಕ್ತ ಪರೀಕ್ಷೆ ಮಾಡಿಸೋಣ."

ಬೇಕರಿಯವನು ಕೂತಲ್ಲಿಂದ ಅಲ್ಲಾಡಲಿಲ್ಲ. ಹಿಂದೊಮ್ಮೆ ಡಾಕ್ಟರೊಬ್ಬರು ಹೆಂಡತಿಯ ಬಗ್ಗೆ ಕೇಳಿದ್ದರಂತೆ. ಇವನು ನಿಜ ಹೇಳಿದ ಮೇಲೆ ಮುಖ ಕೂಡ ನೋಡದೆ, ಮೊದಲು ಹೊಟ್ಟೆ ಇಳಿಸು ಎಂದು ಕಳಿಸಿಬಿಟ್ಟರಂತೆ.

"ಸತ್ತರೂ ಸರಿ, ಇನ್ನೊಂದ್ಸಲ ಆ ಅವಮಾನ ಬೇಡ" ಅಂದ.

ನನಗೆ ಅಳು ಬಂತು. "ಸತ್ತರೆ ನಿನಗೆ ಸರಿ. ನನಗೆ?" ಅಂದೆ.

ಎಲ್ಲ ಡಾಕ್ಟರೂ ಒಂದೇ ಥರ ಇರಲ್ಲ, ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ನರ್ಸಣ್ಣ ಧೈರ್ಯ ಹೇಳಿದ. ಕೊನೆಗೂ ಅವನು ಒಪ್ಪಿದ. ಮರುದಿನ ಮೂವರೂ ನರ್ಸಣ್ಣನ ಆಸ್ಪತ್ರೆಗೆ ಹೊರಟೆವು.

ಸಕ್ಕರೆ ಚೆನ್ನಾಗಿಯೇ ಏರಿತ್ತು. ಅಲ್ಲಿನ ಡಾಕ್ಟರಮ್ಮ ಹೆಂಡತಿಯ ಸುದ್ದಿ ಎತ್ತಲಿಲ್ಲ. "ಮನೇಲಿ ಜೊತೆಗೆ ಯಾರಿದ್ದಾರೆ?" ಅಂದರು. ಅವನು ನನ್ನ ಕಡೆ ಕೈ ತೋರಿಸಿದ. ಮಾತ್ರೆ, ಊಟದ ಕ್ರಮ ಎಲ್ಲವನ್ನೂ ಇಬ್ಬರನ್ನೂ ಕೂರಿಸಿ ತಿಳಿಸಿಕೊಟ್ಟರು. ಬಿಪಿ, ಎಚ್‌ಐವಿ ಪರೀಕ್ಷೆಯನ್ನೂ ನಮ್ಮನ್ನು ಕೇಳಿಯೇ, ಗುಟ್ಟಾಗಿ ಮಾಡಿದರು. ಕೊನೆಗೆ ನೋಡಿದರೆ, ಜೊತೆಗೆ ಹೋದ ನನಗೇ ಬಿಪಿ!

ಈಗ ಅವನ ಸೊಂಟ ಇದ್ದಲ್ಲೇ ನಿಂತಿದೆ. ಹೊಟ್ಟೆಯೂ ಇದೆ, ಗಡ್ಡವೂ ಇದೆ, ನಗುವೂ ಇದೆ. ಬಳಗದ ಕರಡಿಗಳೆಲ್ಲ ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿಸಿಕೊಂಡರು.

ಅಣ್ಣತಮ್ಮಂದಿರೇ, ಗಾತ್ರಕ್ಕೆ ನಾಚಬೇಡಿ, ಪ್ರೀತಿಗೂ ನಾಚಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ದಾಹ ತೀರದಿದ್ದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಒಬ್ಬ ಡಾಕ್ಟರು ಮುಖ ತಿರುಗಿಸಿದರೆ ಇನ್ನೊಬ್ಬರ ಬಾಗಿಲು ತಟ್ಟಿ. ಒಬ್ಬರೇ ಹೋಗಲು ಅಳುಕಾದರೆ ನಿಮ್ಮವನನ್ನು ಕರೆದುಕೊಂಡು ಹೋಗಿ. ಹಾಗೇ ಅವನ ಬಿಪಿಯನ್ನೂ ನೋಡಿಸಿಬಿಡಿ.