ಒಂದು ಗಂಟೆ ಹತ್ತು ನಿಮಿಷ

"ಏನೋ, ಗುರುತೇ ಸಿಗಲಿಲ್ವೇನೋ?"

ಟಿಕೆಟ್ ಏಜೆನ್ಸಿಯ ಗುಮಾಸ್ತ ಕಂಪ್ಯೂಟರಿನಿಂದ ತಲೆಯೆತ್ತಿದ. ಕೌಂಟರಿನ ಗಾಜಿನಾಚೆ ಅಕ್ಕ ನಿಂತಿದ್ದಳು. ಹೆಗಲಿಗೊಂದು ಬ್ಯಾಗು, ಮುಖದ ತುಂಬ ದಾರಿಯ ಧೂಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು.

"ಅಕ್ಕಾ! ಹೇಳದೆ ಕೇಳದೆ ಹೇಗೆ ಬಂದೆ?"

"ಹೇಳಿದ್ರೆ ಬೇಡ ಅಂತಿದ್ದೆ. ಒಂದು ಬಸ್ಸು, ಒಂದು ರೈಲು, ಮತ್ತೆ ಬಸ್ಸು. ನೀನು ಹೇಳಿದ್ದು ನಿಜ ಕಣೋ, ಸರಿಯಾಗಿ ಎರಡು ದಿನ. ಬೆಟ್ಟ ಸುತ್ತಿ ಸುತ್ತಿ ಸಾಕಾಯ್ತು." ಅವಳು ನಕ್ಕಳು. "ಪಕ್ಕದ್ಮನೆಯವಳದು ವಿಮಾನ ಇದೆ ಅಂತ ಒಂದೇ ವಾದ. ನನ್ನ ತಮ್ಮ ಟಿಕೆಟ್ ಮಾಡೋನೇ, ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತ ಬಾಯಿ ಮುಚ್ಚಿಸಿ ಬಂದೆ."

ಮೂರು ವರ್ಷದ ಹಿಂದೆ ಹೊಟ್ಟೆಯ ಆಪರೇಷನ್ನಿಗೆ ಮುಂಚೆ, ಒಂದ್ಸಲ ಬಂದು ಹೋಗೋ ಎಂದು ಅವಳು ಫೋನಿನಲ್ಲಿ ಗೋಗರೆದಿದ್ದಳು. ನಿಮ್ಮೂರಿಗೆ ವಿಮಾನವೇ ಇಲ್ಲ, ಎರಡು ದಿನದ ದಾರಿ, ಅಷ್ಟು ರಜೆ ಯಾರು ಕೊಡುತ್ತಾರೆ ಎಂದು ಅವನು ಸರಾಗವಾಗಿ ಹೇಳಿಬಿಟ್ಟಿದ್ದ. ಆಸ್ಪತ್ರೆಯ ವಾಸನೆ, ಕಾದು ಕೂರುವುದು ಅವನಿಗೆ ಬೇಡವಾಗಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುತ್ತಿರಲಿಲ್ಲ. ಆಪರೇಷನ್ ಆದ ದಿನ ಗೆಳೆಯರ ಜೊತೆ ಇಸ್ಪೀಟಾಡಿದ್ದ. ಆ ಸುಳ್ಳು ಆಮೇಲೆ ಎರಡು ಮದುವೆಗೂ ಒಂದು ಸಾವಿಗೂ ಕೆಲಸಕ್ಕೆ ಬಂದಿತ್ತು.

"ಕೂತ್ಕೊ ಅಕ್ಕ, ಇವರದ್ದೊಂದು ಮುಗಿಸ್ತೀನಿ" ಎಂದು ಬೆಂಚು ತೋರಿಸಿದ.

ಗಿರಾಕಿ ಒಬ್ಬ ಮುದುಕ, ಕಿವಿ ಮಂದ. ಮಗಳಿಗೆ ಹೆರಿಗೆಯಾಗಿದೆ, ವಿಮಾನದಲ್ಲೇ ಬೇಗ ಹೊರಡಬೇಕು ಎನ್ನುತ್ತ ಊರಿನ ಹೆಸರು ಹೇಳಿದ. ಅಕ್ಕನ ಊರೇ.

"ಎಷ್ಟು ದೂರ? ಎಷ್ಟು ಹೊತ್ತಾಗುತ್ತೆ?"

ಗುಮಾಸ್ತ ಗಾಜಿನ ಕಂಡಿಗೆ ಬಾಯಿಟ್ಟು ಪಿಸುಗುಟ್ಟಿದ.

"ಜೋರಾಗಿ ಹೇಳಪ್ಪ! ಬಾಯಲ್ಲೇನಿಟ್ಕೊಂಡಿದ್ದೀಯ?"

ಚೀಟಿಯಲ್ಲಿ ಬರೆದು ದಾಟಿಸಿದ. ಮುದುಕ ಕನ್ನಡಕ ಏರಿಸಿ ಇಡೀ ಕೋಣೆಗೆ ಕೇಳುವಂತೆ ಓದಿದ: "ಏಳುನೂರ ಹತ್ತು ಕಿಲೋಮೀಟರ್. ಒಂದು ಗಂಟೆ ಹತ್ತು ನಿಮಿಷ! ಇದೇನು, ಹೊಸದಾಗಿ ಶುರುವಾಗಿದ್ದಾ?"

ಹೌದು, ಹೋದ ವಾರವಷ್ಟೇ ಎಂದುಬಿಟ್ಟರೆ ಮುಗಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೌಂಟರಿನವಳು ಉಪಕಾರ ಮಾಡುವವಳಂತೆ ಕೂಗಿ ಹೇಳಿದಳು, "ಆರು ವರ್ಷ ಆಯ್ತು ಸರ್. ದಿನಕ್ಕೆ ಮೂರು ಹೋಗುತ್ತೆ."

ಅಕ್ಕನ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ಕೀಬೋರ್ಡಿನ ಮೇಲೆ ಬಗ್ಗಿ ಮುದುಕನ ಟಿಕೆಟ್ ಒತ್ತತೊಡಗಿದ.

ಮುದುಕ ಬೆಂಚಿನತ್ತ ತಿರುಗಿದ. "ನೀವೂ ಆ ಊರಿಗೇನಮ್ಮ?"

"ಅಲ್ಲಿಂದಲೇ ಬಂದೆ."

"ವಿಮಾನದಲ್ಲಾ? ನನಗೆ ಮೊದಲ ಸಲ. ಭಯ ಆಗುತ್ತಾ?"

ಅಕ್ಕ ಒಮ್ಮೆ ತಮ್ಮನ ಕಡೆ ನೋಡಿದಳು. ಆಮೇಲೆ ಕಿವಿ ಕೇಳದವನಿಗೂ ಕೇಳುವ ಹಾಗೆ ಹೇಳಿದಳು: "ಭಯ ಎಂಥದ್ದು? ಹತ್ತಿದ್ದೂ ಗೊತ್ತಾಗಲ್ಲ, ಇಳಿದಿದ್ದೂ ಗೊತ್ತಾಗಲ್ಲ. ತಮ್ಮನೇ ಟಿಕೆಟ್ ಮಾಡಿಕೊಟ್ಟಿದ್ದು."

"ಪುಣ್ಯವಂತೆ ಬಿಡಮ್ಮ" ಎಂದ ಮುದುಕ.

ನಾಲ್ಕು ಜನರೆದುರು ಕೆನ್ನೆಗೆ ಬಾರಿಸಿದ್ದರೂ ಗುಮಾಸ್ತನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಟಿಕೆಟ್ ಕೊಟ್ಟು ಮುದುಕನನ್ನು ಕಳಿಸಿ, ಅವನು ಕೌಂಟರ್ ಸುತ್ತಿಕೊಂಡು ಹೊರಗೆ ಬಂದ. ಅಕ್ಕ ಚಪ್ಪಲಿ ಬಿಟ್ಟು ಕೂತಿದ್ದಳು. ಪಾದಗಳು ಊದಿ, ಪಟ್ಟಿ ಒತ್ತಿದಲ್ಲೆಲ್ಲ ಕೆಂಪು ಗೆರೆ ಬಿದ್ದಿತ್ತು. ಅವನು ಹತ್ತಿರ ಬರುವುದನ್ನು ಕಂಡು ಅವಳು ಪಾದಗಳನ್ನು ಮೆಲ್ಲಗೆ ಬೆಂಚಿನಡಿಗೆ ಎಳೆದುಕೊಂಡಳು.