ನಾಲ್ಕನೇ ನಿಮಿಷದ ನಗು

ಆ ಸಂಖ್ಯೆ ಅಕ್ಕನದೇ ಆಗಿರಬೇಕೆಂದೇನಿದೆ? ಹಳೆಯ ನಾಟಕವೊಂದನ್ನು ನಾಲ್ಕನೇ ನಿಮಿಷಕ್ಕೆ ನಿಲ್ಲಿಸುವವರು ಬೇರೆ ಯಾರೂ ಇರಲಾರರೇ? ದಿನವೂ ನಾಲ್ಕು ನಿಮಿಷ ಕೇಳಿ ನಿಲ್ಲಿಸುವ ನಾಟಕ ಆ್ಯಪಿನಿಂದ ಮಾಯವಾಗಿದೆ ಎಂದು ಅಕ್ಕ ಒಳಗಿನಿಂದ ಹೇಳಿದ್ದು ಕೇಳಿ, ಅವನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಿದ್ದ.

"ಯಾಕೋ ಕಂಬದ ಹಾಗೆ ನಿಂತೆ? ಹುಡುಕಿಕೊಡೋ." ಹೊಲಿಗೆ ಯಂತ್ರದ ಹಿಂದಿನಿಂದ ಅಕ್ಕ ಫೋನು ಚಾಚಿದಳು. "ನಿಮ್ಮ ಭಾವ ನಗ್ತಾರಲ್ಲ, ಆ ನಾಟಕ. ಬೆಳಗ್ಗೆಯಿಂದ ಕಾಣಿಸ್ತಿಲ್ಲ."

"ಭಾವ ನಗ್ತಾರಾ?"

"ಅದನ್ನ ರೆಕಾರ್ಡ್ ಮಾಡಿದ ದಿನ ನಾವು ಮೊದಲನೇ ಸಾಲಲ್ಲೇ ಕೂತಿದ್ವಿ. ವೇಷದವನು ಬಾಯಿ ತೆಗೆಯೋ ಮುಂಚೆ ಇವರೊಬ್ಬರೇ ಹೋ ಅಂತ ನಕ್ಕುಬಿಟ್ರು. ನಾಚಿಕೆಯಿಂದ ನನಗೆ ನೆಲಕ್ಕಿಳಿದು ಹೋಗೋ ಹಾಗಾಗಿತ್ತು. ಅದೂ ರೆಕಾರ್ಡ್ ಆಗಿದೆ ನೋಡು!" ಹಲ್ಲಿನಿಂದ ದಾರ ಕಡಿದಳು. "ನೀನು ಆಫೀಸಿಗೆ ಹೋದ್ಮೇಲೆ ಅಷ್ಟು ಕೇಳಿ ನಿಲ್ಲಿಸ್ತೀನಿ. ಮುಂದಿನದು ಯಾರಿಗೆ ಬೇಕು?"

ಭಾವ ತೀರಿಕೊಂಡು ಎರಡು ವರ್ಷವಾಗಿತ್ತು.

ಆ ಆ್ಯಪಿನ ಕಚೇರಿಯಲ್ಲೇ ಅವನ ಕೆಲಸ: ಕೇಳುಗರ ಮನಸ್ಸಿಗೆ ಗುರುತು ಹಾಕುವುದು. ಹೆಸರಿರುವುದಿಲ್ಲ, ಬರೀ ಸಂಖ್ಯೆ. ಏನು ಕೇಳಿದರು, ಎಲ್ಲಿ ನಿಲ್ಲಿಸಿದರು ಎಂದು ನೋಡಿ ಖುಷಿ, ದುಃಖ, ಬೇಸರ ಎಂದು ಒತ್ತಬೇಕು. ಯಂತ್ರ ಅದಕ್ಕೆ ತಕ್ಕದ್ದನ್ನು ಮುಂದೆ ಬಡಿಸುತ್ತದೆ. ಹೋದ ವಾರ ಒಂದು ಸಂಖ್ಯೆ ಒಂದೇ ನಾಟಕವನ್ನು ದಿನಕ್ಕೆ ಹತ್ತು ಸಲ ಹಾಕಿ, ಹತ್ತು ಸಲವೂ ನಾಲ್ಕನೇ ನಿಮಿಷಕ್ಕೆ ಬಿಟ್ಟಿತ್ತು. ಅರ್ಧಕ್ಕೆ ಬಿಟ್ಟರೆ ಬೇಸರ, ನಿಯಮ ಹಾಗಿತ್ತು. ಬೇಸರವಾದವರು ಮತ್ತೆ ಮತ್ತೆ ಏಕೆ ಹಾಕುತ್ತಾರೆ ಎಂದು ಅವನ ಕೈ ಒಂದು ಗಳಿಗೆ ತಡೆದಿತ್ತು. ಅಷ್ಟರಲ್ಲಿ ಪಕ್ಕದವನು ಊಟಕ್ಕೆ ಕರೆದ. ಬೇಸರ ಎಂದು ಒತ್ತಿ ಎದ್ದಿದ್ದ.

ಅಕ್ಕ ಕೇಳಿದ ಮರುದಿನ ಅವನು ಮೇಲ್ವಿಚಾರಕರ ಬಳಿ ಹೋಗಿ ಆ ನಾಟಕ ಎಲ್ಲಿ ಎಂದು ವಿಚಾರಿಸಿದ.

"ಅಳಿಸಿ ಆಯ್ತಲ್ಲಪ್ಪಾ," ಎಂದರು ಅವರು. "ಅದಕ್ಕಿದ್ದಿದ್ದು ಒಬ್ಬರೇ ಕೇಳುಗರು. ಅವರಿಗೂ ಬೇಸರ ಅಂದ್ಮೇಲೆ ಇಟ್ಕೊಂಡು ಪೂಜೆ ಮಾಡೋಣವಾ?"

"ಮೂಲ ಪ್ರತಿ?"

"ಕೊಟ್ಟ ಕಂಪನಿನೇ ಮುಚ್ಚಿಹೋಗಿದೆ. ಹೋಗು, ಕೆಲಸ ನೋಡು."

ಸಂಜೆ ಅಕ್ಕನ ಫೋನಿನ ತುಂಬ ಯಂತ್ರ ಬಡಿಸಿದ ಹೊಸ ಹೊಸ ನಾಟಕಗಳು. ಅವಳು ಒಂದೊಂದನ್ನೂ ನಾಲ್ಕನೇ ನಿಮಿಷದವರೆಗೆ ಕೇಳಿ ನಿಲ್ಲಿಸುತ್ತಿದ್ದಳು. ಯಾರು ಯಾರೋ ನಗುತ್ತಿದ್ದರು.

"ನಿಮ್ಮ ಆಫೀಸಲ್ಲಿ ಕೇಳಿದ್ಯಾ?"

"ಹುಡುಕ್ತಿದಾರೆ ಅಕ್ಕ."

"ನೀನಿದ್ದೀಯಲ್ಲ ಅಲ್ಲಿ, ಸಿಗುತ್ತೆ ಬಿಡು," ಎಂದು ಅವಳು ಅಂಗಿಯ ತೋಳನ್ನು ಸೂಜಿಯ ಕೆಳಗೆ ಸರಿಸಿದಳು.

ಬೇಸರ ಎಂದು ಒತ್ತಿದ್ದು ತಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.