ಆಮೆಯ ಹಿಂದೆ ಹೋದವನು

ಫೋಟೊಗ್ರಾಫರನಿಗೆ ಕ್ಯಾಮೆರಾ ಕೈಗೆ ಬಂತೆಂದರೆ ಮುಗಿಯಿತು, ಲೋಕದ ಪರಿವೆಯೇ ಇರುವುದಿಲ್ಲ. ಕಂಡವರ ಮದುವೆಗಳಲ್ಲೆಲ್ಲ ‘ಕೈ ಹಿಡ್ಕೊಳ್ಳಿ, ಇನ್ನೂ ಹತ್ತಿರ ಬನ್ನಿ’ ಎಂದು ಗಂಟಲು ಹರಿದುಕೊಳ್ಳುವ ಈ ಮಹರಾಯ, ಹೆಂಡತಿಯನ್ನು ಕರೆದುಕೊಂಡು ದ್ವೀಪಕ್ಕೆ ರಜೆಗೆ ಬಂದು, ಸಮುದ್ರದೊಳಗೆ ಅವಳನ್ನು ಬಿಟ್ಟು ಆಮೆಯ ಹಿಂದೆ ಹೋಗಿದ್ದ.

ನೀರಿಗಿಳಿಯುವ ಮೊದಲು ಡೈವಿಂಗ್ ಟೀಚರ್ ಒಂದೇ ಮಾತನ್ನು ಅರೆದು ಕುಡಿಸಿದ್ದಳು: ಇಬ್ಬರಿಬ್ಬರು ಜೋಡಿ, ಜೋಡಿಯವರು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು. ಇವನು ತಲೆಯಾಡಿಸಿದ್ದೇ ಆಡಿಸಿದ್ದು. ಕೆಳಗೆ ಆಮೆಯೊಂದು ಬಂಡೆ ಸುತ್ತಿತು, ಇವನೂ ಸುತ್ತಿದ. ಇತ್ತ ಹೆಂಡತಿಯ ಮಾಸ್ಕಿನೊಳಗೆ ನೀರು ನುಗ್ಗಿತು. ಅವಳು ಗಾಬರಿಯಿಂದ ಕಣ್ಣು ಮುಚ್ಚಿಬಿಟ್ಟಳು. ಯಾರೋ ಗಟ್ಟಿಯಾಗಿ ಕೈ ಹಿಡಿದು ನಿಧಾನವಾಗಿ ಮೇಲೆ ತಂದರು. ದೋಣಿಯಲ್ಲಿ ಸಿಹಿನೀರಿನಿಂದ ಕಣ್ಣು ತೊಳೆದುಕೊಂಡು ನೋಡಿದರೆ, ಏಣಿ ಹತ್ತಿ ಬರುತ್ತಿದ್ದವನು ಗಂಡ. ಟೀಚರ್ ಉಳಿದವರನ್ನು ಕರೆತರಲು ಮತ್ತೆ ಮುಳುಗಿದ್ದಳು.

“ನೀವಿಲ್ದಿದ್ರೆ ಇವತ್ತು ನನ್ ಕಥೆ ಮುಗೀತಿತ್ತು ರೀ! ಕೊನೇವರೆಗೂ ಕೈ ಬಿಡ್ಲಿಲ್ವಲ್ಲ,” ಎಂದು ಅವಳು ತಬ್ಬಿಕೊಂಡು ಅತ್ತಳು.

ಅಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂತು. ಅವನ ಹಿಂದೆಯೇ ದೋಣಿ ಹತ್ತಿದ್ದವರು ಚಪ್ಪಾಳೆ ತಟ್ಟಿದರು. ಅವನು ಸುಮ್ಮನಾದ.

ವಾಪಸು ಬಂದ ಟೀಚರಿಗೆ ವಿಷಯ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಅವನ ಬೆನ್ನಿನ ಸಿಲಿಂಡರ್ ಬಿಚ್ಚುತ್ತ ಮೆಲ್ಲಗೆ ಹೇಳಿದಳು: “ನಾನಾಗಿ ಏನೂ ಹೇಳಲ್ಲ. ಆದ್ರೆ ನಾಳೆ ಇನ್ನೂ ಆಳಕ್ಕೆ ಇಳೀಬೇಕು. ನಿಮ್ಮಿಬ್ಬರನ್ನ ಜೋಡಿ ಮಾಡ್ಲೋ ಬೇಡ್ವೋ, ನೀವೇ ಹೇಳಿ.”

ಸಂಜೆ ಹೆಂಡತಿ ಅಮ್ಮನಿಗೆ ಫೋನ್ ಮಾಡಿ, ನಡೆದದ್ದಕ್ಕೆ ಉಪ್ಪುಖಾರ ಹಚ್ಚಿ ಹೇಳಿದಳು. ಅತ್ತೆ ಅವನನ್ನೂ ಫೋನಿಗೆ ಕರೆಸಿ, “ಅಳಿಯಂದ್ರೇ, ಮಗಳನ್ನ ನಿಮ್ ಕೈಲಿಟ್ಟಿದ್ದಕ್ಕೂ ಸಾರ್ಥಕ ಆಯ್ತು,” ಎಂದರು. ಅವನು ಫೋನನ್ನು ಹೆಂಡತಿಯ ಕೈಗೆ ವಾಪಸು ಕೊಟ್ಟ.

“ನಾಳೆ ನಂಗೇನೂ ಭಯ ಇಲ್ಲಪ್ಪ,” ಎಂದಳು ಹೆಂಡತಿ, ಫೋನ್ ಇಟ್ಟು. “ಕಣ್ಮುಚ್ಚಿ ಇಳೀತೀನಿ. ನೀವಿದ್ದೀರಲ್ಲ.”

ಸುಳ್ಳು ಹೊಗಳಿಕೆಯನ್ನಾದರೂ ಹೇಗೋ ನುಂಗಬಹುದಿತ್ತು. ಆ ಸುಳ್ಳನ್ನೇ ನಂಬಿ ಅವಳು ನೀರಿಗಿಳಿಯುತ್ತಾಳೆ ಎನ್ನುವುದನ್ನು ನೆನೆದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ದೋಣಿಯಲ್ಲಿ, ಅವಳು ಕಾಲಿಗೆ ಈಜುರೆಕ್ಕೆ ತೊಡುತ್ತಿದ್ದಾಗ, ಅವನು ಬಾಯಿ ಬಿಟ್ಟ.

“ನಿನ್ನೆ ಹಿಡಿದಿದ್ದು ನನ್ ಕೈ ಅಲ್ಲ ಕಣೇ. ಟೀಚರ್ ಕೈ. ನಾನು ಆಮೆ ಹಿಂದೆ ಹೋಗಿದ್ದೆ.”

ತಮಾಷೆ ಎಂದುಕೊಂಡು ಅವಳು ನಕ್ಕಳು. ಅವನ ಮುಖ ನೋಡಿ ನಗು ನಿಂತಿತು. ಸ್ವಲ್ಪ ಹೊತ್ತು ಈಜುರೆಕ್ಕೆಯ ಪಟ್ಟಿಯನ್ನೇ ಎಳೆಯುತ್ತ ಕುಳಿತಳು.

“ಹೋಗ್ಲಿ ಬಿಡಿ,” ಎಂದಳು ಆಮೇಲೆ. “ಪಕ್ಕದಲ್ಲಿ ನಾನಿಲ್ಲ ಅಂತ ಗೊತ್ತಾದ ತಕ್ಷಣ ಹುಡುಕಿದ್ರಿ ಅಲ್ವಾ?”

ಪಾಪ, ಅವಳೇ ದಾರಿ ಮಾಡಿಕೊಟ್ಟಿದ್ದಳು. ಹೂಂ ಎಂದಿದ್ದರೆ ಸಾಕಿತ್ತು.

“ಗೊತ್ತೇ ಆಗ್ಲಿಲ್ಲ,” ಎಂದ ಅವನು. “ದೋಣಿ ಹತ್ತಿ ನಿನ್ನ ಮುಖ ನೋಡೋವರೆಗೂ ನೀನು ನೆನಪಾಗ್ಲೇ ಇಲ್ಲ.”

ಅವಳು ಮಾಸ್ಕ್ ಎತ್ತಿಕೊಂಡು, ಎದ್ದು ಹೋಗಿ ಟೀಚರ್ ಪಕ್ಕದಲ್ಲಿ ಕುಳಿತಳು.